ಹೆಗಲಿಗೇರದ ಕುಂಬಳಕಾಯಿ

ಭಾರ ಎತ್ತುವುದು ದೊಡ್ಡದಲ್ಲ ಸಾರ್, ಇಳಿಸುವುದು ದೊಡ್ಡದು ಎನ್ನುತ್ತಿದ್ದ ನಮ್ಮ ಮೇಸ್ತ್ರಿ. ನಾನು ಲೋಕೋಪಯೋಗಿ ಇಲಾಖೆಯಲ್ಲಿ ಸೇತುವೆ ಕೆಲಸಗಳನ್ನು ನೋಡಿಕೊಳ್ಳುತ್ತಿದ್ದ ಕಾಲ. ಗರ್ಡರಿಗೆ ಸರಪಳಿ ಬಿಗಿದು ಚೈನ್ ಪುಲ್ಲಿಯಲ್ಲಿ ಮೇಲೆತ್ತುವಷ್ಟು ಹೊತ್ತೂ ಅವನು ಬೀಡಿ ಸೇದುತ್ತ ದೂರ ಕೂತಿರುತ್ತಿದ್ದ. ಇಳಿಸುವ ಹೊತ್ತಾಯಿತೆಂದರೆ ಬೀಡಿ ಎಸೆದು, ತಲೆಗೆ ಟವೆಲ್ಲು ಬಿಗಿದು ತಾನೇ ಬಂದು ನಿಲ್ಲುತ್ತಿದ್ದ. ಮೇಲೆ ಹೋಗುವಾಗ ಭಾರ ನಮ್ಮ ಮಾತು ಕೇಳುತ್ತದೆ, ಕೂರುವಾಗ ತನಗೆ ತೋಚಿದಂತೆ ಕೂರುತ್ತದೆ ಎಂಬುದು ಅವನ ಸಿದ್ಧಾಂತ. ಇಂಜಿನಿಯರಿಂಗ್ ಕಾಲೇಜಿನಲ್ಲಿ ಇದನ್ನು ಇಷ್ಟು ಚೊಕ್ಕವಾಗಿ ಯಾರೂ ಹೇಳಿಕೊಟ್ಟಿರಲಿಲ್ಲ.

ನಿವೃತ್ತನಾದ ಮೇಲೆ ವರ್ಷದಲ್ಲಿ ಒಂದಷ್ಟು ತಿಂಗಳು ಕ್ಯಾಲಿಫೋರ್ನಿಯಾದ ಫ್ರೀಮಾಂಟಿನಲ್ಲಿ ಮಗನ ಮನೆಯಲ್ಲಿರುತ್ತೇವೆ. ಅಲ್ಲಿ ಅಕ್ಟೋಬರ್ ಬಂತೆಂದರೆ ಹ್ಯಾಲೊವೀನಿನ ಸಂಭ್ರಮ; ಮೆಟ್ಟಿಲಿಗೊಂದರಂತೆ ಕುಂಬಳಕಾಯಿ. ಐರ್ಲೆಂಡಿನಲ್ಲಿ ಟರ್ನಿಪ್ ಗಡ್ಡೆಯನ್ನು ಕೊರೆದು ದೀಪವಿಡುತ್ತಿದ್ದ ಜನ ಅಮೆರಿಕಕ್ಕೆ ವಲಸೆ ಬಂದಾಗ, ಕೊರೆಯಲು ಸಲೀಸಾದ ಈ ಕಾಯಿ ಕೈಗೆ ಸಿಕ್ಕಿತು. ಗಡ್ಡೆ ಬಿಟ್ಟು ಕಾಯಿ ಹಿಡಿದರು. ಬುದ್ಧಿವಂತರು.

ಮೆಟ್ಟಿಲ ಮೇಲಿನ ಈ ಪುಟ್ಟ ಕಾಯಿಗಳ ವಿಷಯದಲ್ಲಿ ನನ್ನದೇನೂ ತಕರಾರಿಲ್ಲ. ನಾನು ಹೇಳಹೊರಟದ್ದು ನಮ್ಮ ಗಾದೆಯ ಅಳತೆಗೆ ಸಿಕ್ಕದ ಕಾಯಿಯ ಬಗ್ಗೆ. ಕುಂಬಳಕಾಯಿ ಕಳ್ಳ ಅಂದರೆ ಹೆಗಲು ಮುಟ್ಟಿ ನೋಡಿಕೊಂಡ ಎಂದು ಗಾದೆ ಕಟ್ಟಿದವರು, ಕಾಯಿ ಎಂದಮೇಲೆ ಅದು ಹೆಗಲ ಮೇಲೆ ಹೋಗುತ್ತದೆ ಎಂದು ನಂಬಿದ್ದವರು. ಇದನ್ನು ಕದಿಯಬೇಕಾದರೆ ಮೊದಲು ಫೋರ್ಕ್‌ಲಿಫ್ಟ್ ಕದಿಯಬೇಕು.

ಫ್ರೀಮಾಂಟಿನಿಂದ ಕೊಲ್ಲಿ ದಾಟಿ, ಗುಡ್ಡ ಹತ್ತಿಳಿದರೆ ಪೆಸಿಫಿಕ್ ಸಮುದ್ರದ ಅಂಚಿಗೆ ಹಾಫ್ ಮೂನ್ ಬೇ ಎಂಬ ಊರು. 1974ರಿಂದ ಅಲ್ಲಿ ದೈತ್ಯ ಕುಂಬಳಗಳ ತೂಕದ ಸ್ಪರ್ಧೆ ನಡೆದುಕೊಂಡು ಬಂದಿದೆ. 2023ರಲ್ಲಿ ಮಿನೆಸೋಟದ ಅನೋಕಾದ ಟ್ರಾವಿಸ್ ಗಿಂಗರ್ ಎಂಬ ತೋಟಗಾರಿಕೆ ಮೇಷ್ಟ್ರು ತಂದ ಕಾಯಿ 2,749 ಪೌಂಡ್ ತೂಗಿತು. ನಮ್ಮ ಲೆಕ್ಕದಲ್ಲಿ 1,247 ಕೆ.ಜಿ. ಅದು ಆಗಿನ ವಿಶ್ವದಾಖಲೆ. 2025ರಲ್ಲಿ ಇಂಗ್ಲೆಂಡಿನ ಅವಳಿ ಸಹೋದರರಾದ ಇಯಾನ್ ಮತ್ತು ಸ್ಟುವರ್ಟ್ ಪೇಟನ್ 1,278.8 ಕೆ.ಜಿ.ಯ ಕಾಯಿ ತಂದು ಅದನ್ನೂ ಮುರಿದರು. ಒಂದು ಶತಮಾನದ ಹಿಂದೆ ಹೀಗಿರಲಿಲ್ಲ. ಕೆನಡಾದ ವಿಲಿಯಂ ವಾರ್ನಾಕ್ 1904ರಲ್ಲಿ ಸೇಂಟ್ ಲೂಯಿಯ ಮಹಾಮೇಳಕ್ಕೆ ತಂದಿದ್ದ 403 ಪೌಂಡಿನ ಕಾಯಿಯ ದಾಖಲೆ 1976ರವರೆಗೆ ಅಲುಗಾಡಲಿಲ್ಲ. ಆಮೇಲೆ ನೋವಾ ಸ್ಕೋಶಿಯಾದ ಹೊವರ್ಡ್ ಡಿಲ್ ಎಂಬ ರೈತ ಆಯ್ದು ಆಯ್ದು ಬೆಳೆಸಿದ ‘ಅಟ್ಲಾಂಟಿಕ್ ಜೈಂಟ್’ ತಳಿಯ ಬೀಜ ಹರಡಿತು. ಕಾಯಿಗಳಿಗೆ ಹುಚ್ಚು ಹಿಡಿದಂತಾಯಿತು. ಇತ್ತ ನಮ್ಮ ಹೆಸರಘಟ್ಟದ ತೋಟಗಾರಿಕೆ ಸಂಶೋಧನಾ ಸಂಸ್ಥೆಯವರು ಇದೇ ಕುಲದ ‘ಅರ್ಕಾ ಸೂರ್ಯಮುಖಿ’ಯನ್ನು ಸುಮಾರು ಒಂದು ಕೆ.ಜಿ.ಯ ಪುಟ್ಟ ಕಾಯಾಗಿ ಬೆಳೆಯುವಂತೆ ರೂಪಿಸಿದರು. ಒಂದು ಸಂಸಾರಕ್ಕೆ ಒಂದು ಹೊತ್ತಿನ ಹುಳಿಗೆ ಸರಿಯಾಗುವ ಅಳತೆ. ಯಾರ ವಿಜ್ಞಾನ ದೊಡ್ಡದು ಎಂದು ನನ್ನನ್ನು ಕೇಳಿದರೆ ನಾನು ಹುಳಿಯ ಪರ.

ಆದರೂ ತೂಕದ ದಿನ ಆ ಊರಿಗೆ ಹೋದವನಿಗೆ ತೂಕದ ಅಂಕಿಗಿಂತ ಹೆಚ್ಚು ಕಣ್ಣಿಗೆ ಬೀಳುವುದು ಕಾಯಿಯ ಬುಡ. ಅಥವಾ ನನ್ನಂಥವನಿಗೆ ಮಾತ್ರ ಹಾಗೋ ಏನೋ; ಎಲ್ಲಿ ಭಾರ ಕಂಡರೂ ಅದು ಯಾವುದರ ಮೇಲೆ ಕೂತಿದೆ ಎಂದು ಬಗ್ಗಿ ನೋಡುವ ಚಟ. ದುಂಡಗಿರುವ ಒಂದು ದೈತ್ಯವೂ ಅಲ್ಲಿಲ್ಲ. ಎಲ್ಲವೂ ತಮ್ಮ ಭಾರಕ್ಕೆ ತಾವೇ ಜಗ್ಗಿ, ಅಗಲವಾಗಿ ಹರಡಿ, ಒಂದು ಮಗ್ಗುಲಿಗೆ ವಾಲಿ ಕೂತಿರುತ್ತವೆ. ಜಾರ್ಜಿಯಾ ಟೆಕ್‌ನ ಡೇವಿಡ್ ಹೂ ಮತ್ತು ಸಂಗಡಿಗರು ಈ ಜಗ್ಗುವಿಕೆಯನ್ನೇ ಅಧ್ಯಯನ ಮಾಡಿದ್ದಾರೆ. ಬೆಳೆಯುತ್ತಿರುವಾಗಲೇ ಭಾರದ ಒತ್ತಡ ಕಾಯಿಯ ಆಕಾರವನ್ನು ತಿದ್ದುತ್ತ ಹೋಗುತ್ತದೆ, ದೊಡ್ಡದಾದಷ್ಟೂ ಚಪ್ಪಟೆ. ನಮ್ಮ ಭಾಷೆಯಲ್ಲಿ ಹೇಳುವುದಾದರೆ, ಕಾಯಿ ತನ್ನ ತಳಪಾಯವನ್ನು ತಾನೇ ಕಟ್ಟಿಕೊಳ್ಳುತ್ತದೆ.

ಆದ್ದರಿಂದ ಕೂರಿಸುವ ಕೆಲಸ ಅಕ್ಟೋಬರಿನಲ್ಲಲ್ಲ, ಜುಲೈನಲ್ಲಿ ಶುರು. ಕಾಯಿ ಇನ್ನೂ ಮುಷ್ಟಿಯಷ್ಟಿರುವಾಗಲೇ ಬೆಳೆಗಾರ ಅದನ್ನು ದಿನಕ್ಕಿಷ್ಟು ದಿನಕ್ಕಿಷ್ಟು ಎಂದು ಮೆಲ್ಲಗೆ ತಿರುಗಿಸಿ, ಬಳ್ಳಿಗೆ ಅಡ್ಡವಾಗಿ ನಿಲ್ಲುವಂತೆ ಮಾಡುತ್ತಾನೆ. ಇಲ್ಲದಿದ್ದರೆ ಕಾಯಿಯ ಭುಜ ಉಬ್ಬುತ್ತ ಬಂದು ಬಳ್ಳಿಯನ್ನು ಒತ್ತಿ, ತೊಟ್ಟು ಸೀಳಿಹೋಗುತ್ತದೆ. ಅಡಿಗೆ ಮರಳು ಹಾಸಬೇಕು: ನೀರು ಬಸಿದುಹೋಗಲಿಕ್ಕೆ ಒಂದು, ಉಬ್ಬುವ ಕಾಯಿ ನೆಲಕ್ಕೆ ಅಂಟದೆ ಜಾರಲಿಕ್ಕೆ ಇನ್ನೊಂದು. ಮೇಲೆ ಬಿಸಿಲು ತಾಗದಂತೆ ಬಟ್ಟೆಯ ನೆರಳು ಬೇಕು. ಸಿಪ್ಪೆ ಬಿಸಿಲಿಗೆ ಗಡಸಾದರೆ ಒಳಗಿನ ಬೆಳವಣಿಗೆಗೆ ಜಾಗ ಸಾಲದೆ ಬಿರಿಯುತ್ತದೆ. ಭರದಲ್ಲಿ ಬೆಳೆಯುವ ವಾರಗಳಲ್ಲಿ ದಿನಕ್ಕೆ ಇಪ್ಪತ್ತು ಕೆ.ಜಿ.ಗೂ ಮೇಲೆ ಏರುತ್ತದಂತೆ. ಒಳಟೊಳ್ಳಿನವರೆಗೆ ಒಂದು ಬಿರುಕು ಬಿದ್ದರೆ ಸ್ಪರ್ಧೆಯಿಂದಲೇ ಔಟ್. ಅಂಥ ಕಾಯಿಯನ್ನು ಗಿಂಗರ್ ಮಿನೆಸೋಟದಿಂದ ಕ್ಯಾಲಿಫೋರ್ನಿಯಾಕ್ಕೆ, ಸುಮಾರು 2,000 ಮೈಲಿ, ಟ್ರೇಲರಿನಲ್ಲಿ ಇಟ್ಟುಕೊಂಡು ಬರುತ್ತಾನೆ. ದಾರಿಯ ಪ್ರತಿ ಹಂಪಿನಲ್ಲೂ ಆತನ ಮುಖ ಹೇಗಾಗುತ್ತಿರಬಹುದೆಂದು ಊಹಿಸುತ್ತೇನೆ. ಶಿವಮೊಗ್ಗ-ಸಾಗರ ರಸ್ತೆಯಲ್ಲಿ ಮಳೆಗಾಲ ಮುಗಿದ ಮೇಲೆ ಇಂಥದೊಂದನ್ನು ಸಾಗಿಸಿ ತೋರಿಸಲಿ, ಬಹುಮಾನ ನಾನು ಕೊಡುತ್ತೇನೆ. ಆ ರಸ್ತೆಯ ಬಗ್ಗೆ ಮಾತಾಡುವ ಹಕ್ಕು ನನಗಿದೆಯೇ ಎಂದು ನಮ್ಮನೆಯವಳು ಕೇಳುತ್ತಾಳೆ. ಅದು ಬೇರೆ ವಿಷಯ.

ಫ್ರೀಮಾಂಟಿನ ನಮ್ಮ ಓಣಿಯ ತುದಿಯಲ್ಲಿ ಒಬ್ಬ ಹಿರಿಯರಿದ್ದಾರೆ. ದೇಶದ ಉದ್ದಗಲಕ್ಕೂ ಹದಿನೆಂಟು ಚಕ್ರದ ಲಾರಿ ಓಡಿಸಿ ನಿವೃತ್ತರಾದವರು. ಪ್ರತಿ ವರ್ಷ ಹಾಫ್ ಮೂನ್ ಬೇ ಕಡೆಯಿಂದ ದೊಡ್ಡದೊಂದು ಕಾಯಿ ತಂದು ಮನೆ ಮುಂದೆ ಕೂರಿಸಿ ಕೆತ್ತುವುದು ಅವರ ಹವ್ಯಾಸ. ವಿಶ್ವದಾಖಲೆಯ ಮುಂದೆ ಅವರದು ಮರಿ. ನಾನು ಕಂಡದ್ದು ಸುಮಾರು 300 ಕೆ.ಜಿ. ಇದ್ದೀತು. ನಾನು ಸೇತುವೆ ಕಟ್ಟಿಸಿದವನೆಂದು ಮಗ ಎಲ್ಲೋ ಹೇಳಿಬಿಟ್ಟಿದ್ದರಿಂದ, ಟ್ರಕ್ ಬಂದ ಬೆಳಿಗ್ಗೆ ನನಗೂ ಬುಲಾವ್ ಬಂತು. ಮೊಮ್ಮಗಳು “ಅಜ್ಜ, ಹೆಲ್ಮೆಟ್ ಹಾಕ್ಕೊ” ಎಂದು ತನ್ನ ಸೈಕಲ್ಲಿನ ಗುಲಾಬಿ ಹೆಲ್ಮೆಟ್ಟು ತಂದುಕೊಟ್ಟಳು.

ಕಾಯಿಯನ್ನು ಎತ್ತುವ ಸಲಕರಣೆ ನೋಡಿ ನನಗೆ ಮನೆಗೆ ಹೋದಷ್ಟು ಖುಷಿಯಾಯಿತು. ಮಲೆನಾಡಿನ ಅಡುಗೆಮನೆಯ ನೆಲುವೇ ಅದು. ಹಾಲು ಬೆಣ್ಣೆಯ ಗಡಿಗೆಯನ್ನು ಬೆಕ್ಕಿಗೆ ಸಿಗದಂತೆ ತೂಗುಹಾಕುವ ಹಗ್ಗದ ನೆಲುವಿನ ಹಾಗೆಯೇ, ಮೇಲೊಂದು ಬಳೆ, ಅದರಿಂದ ಸುತ್ತಲೂ ಇಳಿಬಿದ್ದ ಅಗಲವಾದ ನೈಲಾನ್ ಪಟ್ಟಿಗಳು, ಪಟ್ಟಿಗಳ ಕೆಳತುದಿಯ ಕುಣಿಕೆಗಳೊಳಗೆ ಸುತ್ತ ಹಾಯುವ ಒಂದು ಹಗ್ಗ. ಗುಟ್ಟಿರುವುದು ಈ ಹಗ್ಗದಲ್ಲಿ. ಕಾಯಿಯ ಹೊಟ್ಟೆ ಎಲ್ಲಿ ಅತಿ ಅಗಲವಾಗಿದೆಯೋ ಅದಕ್ಕಿಂತ ಸಾಕಷ್ಟು ಕೆಳಗೆ ಹಗ್ಗ ಕೂರಬೇಕು. ಆಗ ಮೇಲೆತ್ತಿದಷ್ಟೂ ಅದು ಬುಡವನ್ನು ಬಿಗಿಯಾಗಿ ಅಪ್ಪಿಕೊಳ್ಳುತ್ತದೆ. ಒಂದು ಗೇಣು ಮೇಲೆ ಕೂತರೂ ಸರಿ, ಪಟ್ಟಿಯೆಲ್ಲ ಜಾರಿ ಮೇಲೆ ಬಂದು ಕಾಯಿ ಕೆಳಗೆ ಹೋಗುತ್ತದೆ. ತೊಟ್ಟು ಎಷ್ಟೇ ದಪ್ಪಗಿರಲಿ, ಹಿಡಿಕೆಯಂತೆ ಎಷ್ಟೇ ಆಸೆ ಹುಟ್ಟಿಸಲಿ, ಅದಕ್ಕೆ ಯಾರೂ ಕೈ ಹಚ್ಚುವಂತಿಲ್ಲ. ಮನೆಯ ಅಟ್ಟದಿಂದ ಚೀನಿಕಾಯಿ ಇಳಿಸುವಾಗ ನಮ್ಮ ಅಬ್ಬೆಯೂ ಇದನ್ನೇ ಕೂಗುತ್ತಿದ್ದಳು: ತೊಟ್ಟು ಹಿಡಿಯಬೇಡ, ತೊಟ್ಟು ಮುರಿದ ಕಾಯಿ ಮಳೆಗಾಲಕ್ಕೆ ಉಳಿಯುವುದಿಲ್ಲ.

ಸಣ್ಣ ದೈತ್ಯಗಳಿಗೆ ಇನ್ನೊಂದು ಉಪಾಯವೂ ಇದೆ: ಸುತ್ತ ಹಿಡಿಗಳಿರುವ ಗಟ್ಟಿ ಟಾರ್ಪಾಲಿನ ಮೇಲೆ ಕಾಯಿಯನ್ನು ಉರುಳಿಸಿಕೊಂಡು ಹತ್ತು ಹನ್ನೆರಡು ಜನ ಒಟ್ಟಿಗೆ ಎತ್ತುವುದು. ಇದು ನೋಡಲು ಚೆಂದ, ಮಾಡಲು ಅಪಾಯ. ಹನ್ನೆರಡು ಜನರಲ್ಲಿ ಒಬ್ಬನಿಗೆ ಸೀನು ಬಂದರೆ ಸಾಕು. ಇಳಿಸುವಾಗ ಬೆರಳು ಅಡಿಗೆ ಸಿಕ್ಕಿಕೊಳ್ಳುವುದೂ ಇಲ್ಲೇ. ಲಾರಿ ಅಜ್ಜನವರು ಇದನ್ನು ಒಪ್ಪುವವರಲ್ಲ. ಅವರದು ಮೂರು ಕಾಲಿನ ಕಬ್ಬಿಣದ ತ್ರಿಪಾದಿ, ಅದಕ್ಕೆ ಚೈನ್ ಪುಲ್ಲಿ. ತೂಗುತ್ತಿರುವ ಕಾಯಿಯ ಕೆಳಗೆ ಕೈಯಾಗಲಿ ಕಾಲಾಗಲಿ ಹೋಗಕೂಡದು. ತಿರುಗಿಸಬೇಕಿದ್ದರೆ ಬದಿಯಿಂದ ಅಂಗೈಯಲ್ಲಿ ಒತ್ತಬೇಕು. ಕಾಯಿ ಬೀಳುವುದೇ ಆದರೆ ಬೀಳಲಿ, ಹಿಡಿಯಲು ಹೋಗಬೇಡಿ ಎಂದು ಅವರು ಮೊದಲೇ ಎಲ್ಲರಿಂದ ಒಪ್ಪಿಗೆ ಪಡೆದರು. ಇದು ಬಹಳ ದೊಡ್ಡ ಮಾತು. ಬೀಳುವುದನ್ನು ಕಂಡರೆ ಕೈ ತಾನಾಗಿ ಮುಂದೆ ಹೋಗುತ್ತದೆ. ಕಾಯಿಗಿಂತ ಮೊಣಕೈ ದುಬಾರಿ ಎಂಬುದನ್ನು ಎತ್ತುವ ಮೊದಲೇ ಮನಸ್ಸಿಗೆ ಹೇಳಿಡಬೇಕು.

ಎಲ್ಲಿ ಕೂರಿಸುವುದು ಎಂಬ ಚರ್ಚೆಗೆ ಹಿಡಿದ ಸಮಯ ಎತ್ತುವುದಕ್ಕೆ ಹಿಡಿಯಲಿಲ್ಲ. ಹುಲ್ಲುಹಾಸಿನ ಮೇಲೆ ಚೆಂದ ಕಾಣುತ್ತದೆ ಎಂದರು ಅವರ ಮಡದಿ. ದಿನಾ ನೀರು ಕುಡಿದ ಮೆತ್ತನೆ ನೆಲ, ಒಂದು ಕಡೆ ಇಳಿದರೆ ಕಾಯಿ ವಾಲುತ್ತದೆ, ಜೊತೆಗೆ ಬುಡ ತೇವಕ್ಕೆ ಕೊಳೆಯುತ್ತದೆ ಎಂದು ನಾನು. ಕಾರು ನಿಲ್ಲಿಸುವ ಕಾಂಕ್ರೀಟಿನ ಮೇಲೆ ಎಂದರೆ ಅದು ಬೀದಿಯ ಕಡೆಗೆ ಇಳಿಜಾರು. ಮಳೆನೀರು ಹೋಗಲೆಂದು ಮಾಡಿದ್ದು ಕುಂಬಳಕಾಯಿಗೂ ದಾರಿಯಾದೀತು. ಕಾಲುದಾರಿಯ ಪಕ್ಕದಲ್ಲಿಟ್ಟರೆ ಹ್ಯಾಲೊವೀನ್ ರಾತ್ರಿ ಮುಖವಾಡ ಹಾಕಿಕೊಂಡು ಓಡಿಬರುವ ಮಕ್ಕಳಿಗೆ ಅಡ್ಡ, ಗಾಲಿಕುರ್ಚಿಯವರಿಗೆ ತೊಡಕು. ದಕ್ಷಿಣಕ್ಕಿಟ್ಟರೆ ಇಡೀ ದಿನ ಬಿಸಿಲು. ಆ ಕಡೆಯ ಅಕ್ಟೋಬರ್ ಬಿಸಿಲು ಸಾಮಾನ್ಯದ್ದಲ್ಲ. ಕೊನೆಗೆ ಮನೆಯ ಉತ್ತರದ ಗೋಡೆಯ ನೆರಳು ಬೀಳುವಲ್ಲಿ, ಗ್ಯಾರೇಜಿನ ಬಾಗಿಲ ಪಕ್ಕದ ಸಮತಟ್ಟು ಜಾಗ ಗೊತ್ತಾಯಿತು. ನಾನು ಸ್ಪಿರಿಟ್ ಲೆವೆಲ್ ಇಟ್ಟು ನೋಡಿದೆ. ಅವರೂ ತಮ್ಮದನ್ನು ತಂದು ಇಟ್ಟು ನೋಡಿದರು. ಇಬ್ಬರು ನಿವೃತ್ತರಿಗೆ ಒಂದು ಗುಳ್ಳೆ ಮಧ್ಯಕ್ಕೆ ಬಂದದ್ದಕ್ಕೆ ಆದ ಸಂತೋಷವನ್ನು ನಮ್ಮ ಹೆಂಡಂದಿರು ಕಿಟಕಿಯಿಂದ ನೋಡಿ ನಕ್ಕರಂತೆ.

ನೆಲದ ಮೇಲೆ ನೇರವಾಗಿ ಇಳಿಸಲಿಲ್ಲ. ಮೊದಲು ಮರದ ಪ್ಯಾಲೆಟ್, ಅದರ ಮೇಲೆ ದಪ್ಪನೆಯ ಪ್ಲೈವುಡ್, ಅದರ ಮೇಲೆ ಒಣಹುಲ್ಲಿನ ಹಾಸಿಗೆ. ಬರಿಯ ಹಲಗೆಯ ಮೇಲೆ ಕೂರಿಸಿದರೆ ಅಷ್ಟೂ ಭಾರ ಬುಡದ ನಾಲ್ಕಾರು ಉಬ್ಬುಗಳ ಮೇಲೆ ಬಿದ್ದು ಅಲ್ಲೇ ಜಜ್ಜಿ ಕೊಳೆ ಶುರುವಾಗುತ್ತದೆ. ಹುಲ್ಲು ಎಲ್ಲ ಕಡೆ ಭಾರ ಹಂಚುತ್ತದೆ, ಗಾಳಿಯೂ ಆಡುತ್ತದೆ.

ಇನ್ನು ಮುಖ. ನಾನು ಅಲ್ಲಿಯವರೆಗೆ ತಿಳಿದಿದ್ದು ಕೆತ್ತುವವನು ಮುಖ ಮಾಡುತ್ತಾನೆ ಎಂದು. ಇಲ್ಲ, ತೂಗಾಡುತ್ತಿರುವಾಗಲೇ ಅರ್ಧ ಮುಖ ನಿಶ್ಚಯವಾಗಿಬಿಡುತ್ತದೆ. ಒಮ್ಮೆ ಕೂತ ಕಾಯಿಯನ್ನು ಮತ್ತೆ ತಿರುಗಿಸುವಂತಿಲ್ಲ. ಹಾಗಾಗಿ ನೆಲದಿಂದ ಒಂದಡಿ ಎತ್ತರದಲ್ಲಿ ಕಾಯಿ ನಿಂತಿರುವಾಗ ಅಜ್ಜನವರು ಅದರ ಸುತ್ತ ಪ್ರದಕ್ಷಿಣೆ ಹಾಕುತ್ತ ಬೆರಳಲ್ಲಿ ಏಣುಗಳನ್ನು ಸವರಿದರು. ಎಲ್ಲಿ ಉಬ್ಬಿದೆಯೋ ಅದು ಮೂಗು, ಎಲ್ಲಿ ಮಡಿಕೆಯೋ ಅದು ಹುಬ್ಬು, ನೆಲಕ್ಕೆ ತಾಗಿ ಬಿಳಿಚಿಕೊಂಡ ಕಡೆ ಹಿಂದಕ್ಕೆ. ಹಾಫ್ ಮೂನ್ ಬೇಯ ಕುಂಬಳ ಜಾತ್ರೆಯಲ್ಲಿ ಫಾರ್ಮರ್ ಮೈಕ್ ಎಂದೇ ಹೆಸರಾದ ಮೈಕ್ ವಲ್ಲಡಾವ್ ದೈತ್ಯ ಕಾಯಿಗಳನ್ನು ಕೆತ್ತುವುದನ್ನು ಜನ ಸುತ್ತುಗಟ್ಟಿ ನೋಡುತ್ತಿದ್ದರು. ನ್ಯೂಯಾರ್ಕ್ ಬೊಟಾನಿಕಲ್ ಗಾರ್ಡನ್‌ನಲ್ಲಿ ರೇ ವಿಲ್ಲಾಫೇನ್ ಕೆತ್ತಿದ ಕಾಯಿಗಳ ಫೋಟೊಗಳನ್ನು ಮಗ ತೋರಿಸಿದ್ದ. ಚರ್ಮದ ಸುಕ್ಕು ಕೂಡ ಜೀವಂತ. ಇವರ ಕೆತ್ತನೆ ತೂತು ಹೊಡೆಯುವುದಲ್ಲ, ದಪ್ಪ ತಿರುಳಿನಲ್ಲೇ ಶಿಲ್ಪ ಬಿಡಿಸುವುದು. ಅದಕ್ಕೆ ಒಳಗೊಂದು ಅನುಕೂಲವಿದೆ: ಗೋಡೆ ಪೂರ್ತಿ ಕತ್ತರಿಸದೆ ಇರುವುದರಿಂದ ಕಾಯಿ ಗಟ್ಟಿಯಾಗಿ ನಿಲ್ಲುತ್ತದೆ. ಕಣ್ಣು ಬಾಯಿ ಎಂದು ದೊಡ್ಡ ದೊಡ್ಡ ಕಿಂಡಿ ತೆಗೆದರೆ ಮೇಲಿನ ಭಾರ ಹೊರುವ ಕಂಬಗಳನ್ನೇ ಕಡಿದಂತೆ. ಬಾಗಿಲ ಮೇಲೆ ಲಿಂಟಲ್ ಹಾಕದೆ ಗೋಡೆ ಕಟ್ಟಬಾರದೆಂದು ನಾನು ಹೇಳಿದ್ದು ಅಜ್ಜನವರಿಗೆ ತಕ್ಷಣ ಹಿಡಿಸಿತು. ಬಾಯಿಯ ಮಧ್ಯೆ ಎರಡು ಹಲ್ಲು ಉಳಿಸಿದರು.

ಕೂರಿಸಿ, ಇಕ್ಕೆಲಗಳಲ್ಲೂ ಮರಳಿನ ಚೀಲ ಒತ್ತಿ, ಅದು ಅಲುಗುವುದಿಲ್ಲವೆಂದು ಖಚಿತವಾದ ಮೇಲೇ ನೆಲುವಿನ ಹಗ್ಗ ಸಡಿಲಿಸಿದ್ದು. ಕೆತ್ತುವಾಗ ಮುಂಭಾಗದ ತಿರುಳು ಕಡಿಮೆಯಾಗುತ್ತ ಹೋದಂತೆ ಭಾರದ ಕೇಂದ್ರ ಹಿಂದಕ್ಕೆ ಸರಿಯುತ್ತದೆ, ಅದಕ್ಕೆ ಹಿಂಬದಿಗೂ ಎರಡು ಚೀಲ. ಒಳಗನ್ನು ತೋಡುವ ಕಿಂಡಿಯನ್ನು ಕೂಡ ಬೆನ್ನಿಗೆ, ಕೂತ ಗೆರೆಗಿಂತ ಮೇಲೆ ತೆಗೆದರು. ಬುಡಕ್ಕೆ ಕತ್ತಿ ತಾಗಿಸಲಿಲ್ಲ. ಗೋಡೆ ಒಂದೆಡೆ ಗೇಣುದ್ದ ದಪ್ಪ, ಇನ್ನೊಂದೆಡೆ ನಾಲ್ಕು ಬೆರಳು. ಉದ್ದನೆಯ ಸರಳು ಚುಚ್ಚಿ ನೋಡಿಯೇ ಎಲ್ಲಿ ಎಷ್ಟು ಆಳ ಹೋಗಬಹುದೆಂದು ಸೀಮೆಸುಣ್ಣದಲ್ಲಿ ಗುರುತು ಮಾಡಿಟ್ಟುಕೊಂಡರು.

ನಮ್ಮ ಕಡೆ ಇಡೀ ಕುಂಬಳಕಾಯಿಗೆ ಮೊದಲ ಏಟು ಗಂಡಸರದೇ ಆಗಬೇಕು. ಹೆಂಗಸರು ಒಡೆಯಬಾರದು ಎಂದು ಶಾಸ್ತ್ರ. ಶಾಸ್ತ್ರವನ್ನು ಯಾರು ಮಾಡಿದರೋ ಗೊತ್ತಿಲ್ಲ, ಕತ್ತಿ ಜಾರಿದರೆ ಯಾರ ಕೈ ಎಂಬ ಲೆಕ್ಕವೂ ಅದರಲ್ಲಿ ಇದ್ದೀತು ಎಂಬುದು ನನ್ನ ಗುಮಾನಿ. ಇಲ್ಲಿ ಮೊದಲ ಗರಗಸ ಹಾಕಿದ್ದು ಅಜ್ಜನವರ ಮಡದಿ. ಅಡುಗೆಮನೆಯ ಚೂಪು ಚಾಕು ಹತ್ತಿರವೂ ಸುಳಿಯಲಿಲ್ಲ. ಒತ್ತಿ ಹಿಡಿದ ಚಾಕು ಗಟ್ಟಿ ಸಿಪ್ಪೆ ದಾಟಿದೊಡನೆ ಮೆತ್ತನೆ ತಿರುಳಿಗೆ ಸರ್ರನೆ ನುಗ್ಗಿ, ಅದರಾಚೆ ಇರುವ ಅಂಗೈಗೆ ಹೋಗುತ್ತದೆ. ಸಣ್ಣ ಹಲ್ಲಿನ ಗರಗಸ ನಿಧಾನ, ಆದರೆ ಎಳೆದಷ್ಟೇ ಹೋಗುತ್ತದೆ. ಎಡಗೈಗೆ ಕತ್ತಿ ತಾಗದ ಗ್ಲೌಸು. ಏಣಿಯ ಬದಲು ಅಗಲ ಹಲಗೆಯ ಅಟ್ಟಣಿಗೆ.

ಎಲ್ಲಕ್ಕಿಂತ ದೊಡ್ಡ ಅಪಾಯ ಮಾತ್ರ ಯಾರೂ ಗಮನ ಕೊಡದ ಜಾಗದಲ್ಲಿತ್ತು: ನೆಲದಲ್ಲಿ. ತಿರುಳು, ನಾರು, ಬೀಜ ಎಲ್ಲ ಸೇರಿ ಕಾಂಕ್ರೀಟು ಲೋಳೆಲೋಳೆ. ಆಯುಧಪೂಜೆಯ ಸಂಜೆ ಬೆಂಗಳೂರಿನ ರಸ್ತೆಗಳಲ್ಲಿ ಬೂದುಗುಂಬಳದ ಹೋಳಿನ ಮೇಲೆ ಜಾರುವ ಸ್ಕೂಟರುಗಳನ್ನು ಕಂಡವರಿಗೆ ಇದನ್ನು ಬಿಡಿಸಿ ಹೇಳಬೇಕಿಲ್ಲ. ರಸ್ತೆಯಲ್ಲಿ ಒಡೆಯಬೇಡಿ ಎಂದು ಪೊಲೀಸರು ಬೇಡಿಕೊಳ್ಳುತ್ತಾರೆ, ದೃಷ್ಟಿ ತೆಗೆದ ಮೇಲೂ ವಾಹನಕ್ಕೆ ದೃಷ್ಟಿ ತಾಗುತ್ತದೆ. ನಾನು ಪೊರಕೆ ಹಿಡಿದೆ. ಇಡೀ ಕಾರ್ಯಕ್ರಮದಲ್ಲಿ ನನ್ನ ನಿಜವಾದ ಕೊಡುಗೆ ಎಂದರೆ ಈ ಪೊರಕೆಯದೇ.

ಹೊತ್ತಿಳಿಯುವಾಗ ನಮ್ಮನೆಯವಳು ಬಂದಳು. ಒಂದು ಹೋಳನ್ನು ಕೈಗೆತ್ತಿಕೊಂಡು, ಉಗುರಿನಲ್ಲಿ ಕೆರೆದು, ಮೂಸಿ, ಸ್ವಲ್ಪ ಬಾಯಿಗೆ ಹಾಕಿಕೊಂಡು ಉಗುಳಿದಳು. “ಬರೀ ನೀರು ಕಣ್ರೀ. ಇದಕ್ಕೆ ಎಷ್ಟು ಬೆಲ್ಲ ಹಾಕಿದ್ರೂ ಕಡುಬಾಗಲ್ಲ” ಎಂದು ತೀರ್ಪು ಕೊಟ್ಟಳು. ಸರಿಯಾದ ತೀರ್ಪೇ. ತೂಕಕ್ಕೆಂದೇ ಬೆಳೆಸಿದ ಕಾಯಿಯಲ್ಲಿ ನೀರು ಮತ್ತು ನಾರು. ರುಚಿಯನ್ನು ಯಾರೂ ತೂಗಲಿಲ್ಲವಲ್ಲ. ಅದನ್ನು ತಿನ್ನುವುದಕ್ಕಿಂತ ಅದರಲ್ಲಿ ಕೂರುವುದು ವಾಸಿ: ಡಿಲ್ ಅವರ ಊರಾದ ವಿಂಡ್ಸರ್‌ನಲ್ಲಿ 1999ರಿಂದ ಹಲವು ವರ್ಷ, ಕೊರೆದ ದೈತ್ಯ ಕಾಯಿಗಳನ್ನೇ ದೋಣಿ ಮಾಡಿಕೊಂಡು ಸರೋವರದಲ್ಲಿ ಹುಟ್ಟು ಹಾಕುವ ಪಂದ್ಯ ನಡೆಸಿದ್ದಾರೆ.

ಕೆತ್ತಿದ ಗಳಿಗೆಯಿಂದ ಕಾಯಿಯ ಆಯುಸ್ಸು ಇಳಿಯತೊಡಗುತ್ತದೆ. ಸಿಪ್ಪೆ ಹೋದ ಕಡೆ ಗಾಳಿ ತಾಗಿ ಬಾಡುತ್ತದೆ, ತೇವವಿದ್ದ ಕಡೆ ಬೂಷ್ಟು. ಅಜ್ಜನವರು ನೀರಿಗೆ ತುಸು ಬ್ಲೀಚು ಬೆರೆಸಿ ದಿನಾ ಚಿಮುಕಿಸುತ್ತಿದ್ದರು, ಹಗಲು ಒದ್ದೆ ಬಟ್ಟೆ ಹೊದಿಸುತ್ತಿದ್ದರು. ಒಳಗೆ ಮೇಣದ ಬತ್ತಿಯಿಲ್ಲ, ಎಲ್‌ಇಡಿ. ಬತ್ತಿಯ ಶಾಖ ಒಳಗೋಡೆಯನ್ನು ಬೇಯಿಸಿಬಿಡುತ್ತದೆ, ಒಣಹುಲ್ಲಂತೂ ಪಕ್ಕದಲ್ಲೇ ಇದೆ. ವೈರನ್ನು ಹಿಂಬದಿಯಿಂದ ಗೋಡೆಗುಂಟ ತಂದಿದ್ದರು, ಎಡವುವವರಿಲ್ಲ. ಹ್ಯಾಲೊವೀನ್ ರಾತ್ರಿ ಅದರ ಮುಂದೆ ಅಡ್ಡಲಾಗಿ ಒಂದು ಹಗ್ಗ ಕಟ್ಟಿದ್ದರು. ಮಕ್ಕಳು ಕಾಯಿ ಹತ್ತದಿರಲಿ ಎಂದು ಅವರು ಹೇಳಿದರು. ಹತ್ತಲು ಯತ್ನಿಸಿದವರು ಸೆಲ್ಫಿ ತೆಗೆದುಕೊಳ್ಳುವ ಅಪ್ಪಂದಿರು.

ನವೆಂಬರಿನ ಮೊದಲ ವಾರಕ್ಕೆ ಬಾಯಿ ಒಳಗೆ ಮಡಚಿ, ಕಾಯಿ ನಮ್ಮೂರಿನ ಹಲ್ಲಿಲ್ಲದ ಮುದುಕರೊಬ್ಬರ ಹಾಗೆ ಕಾಣತೊಡಗಿತು. ಈಗ ಅದನ್ನು ನೆಲುವಿನಲ್ಲಿ ಎತ್ತುವಂತಿಲ್ಲ. ಮೆತ್ತಗಾದ ಬುಡಕ್ಕೆ ಹಗ್ಗ ಬಿಗಿದರೆ ಬೆಣ್ಣೆಗೆ ದಾರ ಹಾಕಿದಂತೆ. ಓರೆಗಾನಿನ ಮೃಗಾಲಯದಲ್ಲಿ ಇಂಥ ಕಾಯಿಗಳನ್ನು ಆನೆಗಳ ಮುಂದಿಡುತ್ತಾರೆ. ಅವು ಕಾಲಿಟ್ಟು ಪಚಕ್ಕನೆ ಅಪ್ಪಚ್ಚಿ ಮಾಡಿ ತಿನ್ನುತ್ತವೆ. ಫ್ರೀಮಾಂಟಿನಲ್ಲಿ ಆನೆಗಳಿಲ್ಲ. ಹಾಗಾಗಿ ಸಲಿಕೆ. ಕೂರಿಸುವ ದಿನವೇ ಪ್ಯಾಲೆಟ್ ಅಡಿಯಲ್ಲಿ ಉಳಿಸಿದ್ದರ ಲಾಭ ಈಗ ಗೊತ್ತಾಯಿತು: ಇಡೀ ಕಾಯಿಯನ್ನು ಹುಲ್ಲಿನ ಸಮೇತ ಕೈಗಾಡಿಯ ಮೇಲೆ ಮೆಲ್ಲಗೆ ಬೀದಿಯಂಚಿಗೆ ಎಳೆದು ತಂದು, ಅಲ್ಲೇ ತುಂಡು ಮಾಡಿದೆವು. ತೋಟದ ಕಸಕ್ಕೆಂದು ಮನೆಗೊಂದು ಹಸಿರು ತೊಟ್ಟಿ ಕೊಟ್ಟಿರುತ್ತಾರೆ. ಅವರ ತೊಟ್ಟಿಗೆ ಕಾಯಿಯ ಕಾಲು ಭಾಗವೂ ಹಿಡಿಯಲಿಲ್ಲ. ಹಿಡಿದರೂ ಅಷ್ಟು ಭಾರದ ತೊಟ್ಟಿಯನ್ನು ಕಸದ ಲಾರಿ ಎತ್ತುವುದಿಲ್ಲ. ಓಣಿಯ ಮನೆಮನೆಗೂ ಹಂಚಿಕೆಯಾಯಿತು. ಎದುರುಮನೆಯ ಪಂಜಾಬಿಗಳಿಗೆ ಹುಬ್ಬು, ಮೂಲೆಮನೆಯ ಚೀನೀ ದಂಪತಿಗೆ ಎರಡು ಹಲ್ಲು ಮತ್ತು ಗಲ್ಲ. ನಮ್ಮ ತೊಟ್ಟಿಗೆ ಬಂದದ್ದು ಮೂಗು. ಅದರ ಮೇಲೆ ಮುಚ್ಚಳ ಕೂರಲಿಲ್ಲ. ಸೊಸೆ ಮೇಲೆ ಕೂತು ಒತ್ತಿದಳು.